ಗುಸ್ಲ್ ಕೋಣೆಯ ಪರದೆ ಆಚೆ ನಿಂತವರಿಗೆ ವಿಆರ್ ಕನ್ನಡಕ

ಸಂಪಾದಕರೇ,

ಇಸ್ಲಾಮಿನ ಅಂತ್ಯಸಂಸ್ಕಾರದ ವಿಧಿಗಳನ್ನು ವರ್ಚುವಲ್ ರಿಯಾಲಿಟಿ (ವಿಆರ್) ಕನ್ನಡಕ ಹಾಕಿಸಿ ಹುಡುಗರಿಗೆ ಕಲಿಸೋದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಆಮೇಲೆ ಬಂದ ಪತ್ರಗಳನ್ನೂ ಓದಿದೆ. ಒಬ್ಬರು ಇದು ಸಾವಿನ ಜೊತೆ ಆಡುವ ಆಟ ಅಂದಿದ್ದಾರೆ. ಇನ್ನೊಬ್ಬರು ಇನ್ನು ಮೇಲೆ ಉಸ್ತಾದರೇ (ಧರ್ಮಪಾಠ ಹೇಳುವ ಗುರುಗಳೇ) ಬೇಡ ಅನ್ನುವ ಧಾಟಿಯಲ್ಲಿ ಬರೆದಿದ್ದಾರೆ. ಇಬ್ಬರೂ ಯಾವತ್ತೂ ಒಂದು ಮಯ್ಯಿತ್, ಅಂದ್ರೆ ಹೆಣ, ತೊಳೆದಿಲ್ಲ ಅಂತ ನನಗೆ ಅನ್ನಿಸಿತು. ತಪ್ಪಾಗಿದ್ದರೆ ಕ್ಷಮಿಸಿ. ಆದರೆ ಹಾಗೆ ಅನ್ನಿಸಿದ್ದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ.

ನನ್ನ ಅಮ್ಮ ತೀರಿಕೊಂಡಾಗ ನನಗೆ 34 ವರ್ಷ. ಇಬ್ಬರು ಮಕ್ಕಳ ತಾಯಿ. ನಮಾಝ್ ಗೊತ್ತು, ಉಪವಾಸ ಗೊತ್ತು, ಝಕಾತ್ (ಕಡ್ಡಾಯ ದಾನ) ಲೆಕ್ಕ ಹಾಕಲೂ ಬರುತ್ತಿತ್ತು. ಅಮ್ಮನ ಮೈ ತೊಳೆಯಲು ಮಾತ್ರ ಬರುತ್ತಿರಲಿಲ್ಲ. ಗುಸ್ಲ್ ಕೋಣೆಯ, ಅಂದ್ರೆ ಮೈ ತೊಳೆಯುವ ಕೋಣೆಯ, ಪರದೆಯ ಆಚೆ ನಿಂತಿದ್ದೆ. ಒಳಗೆ ಮೂವರು ವಯಸ್ಸಾದ ಹೆಂಗಸರು. ಅವರಲ್ಲೊಬ್ಬರು ಪರದೆ ಸರಿಸಿ "ಮಗಳು ಅಲ್ವಾ ನೀನು, ಒಳಗೆ ಬಾ" ಅಂದರು. ಹೋದೆ. ಕೈಗೆ ನೀರಿನ ಪಾತ್ರೆ ಕೊಟ್ಟು "ಬಲಗಡೆ ಮೊದಲು" ಅಂದರು. ನಾನು ಅಮ್ಮನನ್ನು ಬಲಕ್ಕೆ ಹೊರಳಿಸಲು ಹೋದೆ. ಅದು ತಪ್ಪು. ಬಲಭಾಗ ಮೊದಲು ತೊಳೆಯಬೇಕು ಅಂದ್ರೆ ಅದು ಮೇಲೆ ಬರಬೇಕು, ಅಂದ್ರೆ ದೇಹವನ್ನು ಎಡಮಗ್ಗುಲಿಗೆ ಹೊರಳಿಸಬೇಕು. ಈಗ ಓದುವಾಗ ಇದರಲ್ಲೇನಿದೆ ಅನ್ನಿಸುತ್ತೆ. ಆ ಹೊತ್ತಿನಲ್ಲಿ ನನಗೆ ಎಡ ಯಾವುದು ಬಲ ಯಾವುದು ಅಂತಲೂ ತೋಚಲಿಲ್ಲ.

ಕಫನ್, ಅಂದ್ರೆ ಹೆಣಕ್ಕೆ ಸುತ್ತುವ ಬಟ್ಟೆಯ ವಿಷಯದಲ್ಲಿ ಇನ್ನೂ ದೊಡ್ಡ ಎಡವಟ್ಟಾಯಿತು. ಗಂಡಸರಿಗೆ ಮೂರು ಬಟ್ಟೆ, ಹೆಂಗಸರಿಗೆ ಐದು. ಹಾಸುವ ಕೆಲಸ ನನಗೆ ಕೊಟ್ಟರು. ಮನೆಯಲ್ಲಿ ಒಂದು ಸಣ್ಣ ಪುಸ್ತಕ ಇತ್ತು, ಅದರಲ್ಲಿ ಕಮೀಸ್ (ಅಂಗಿ) ಅಂತ ಮೊದಲು ಬರೆದಿತ್ತು. ನಾನು ಕಮೀಸನ್ನೇ ಮೊದಲು ಹಾಸಿದೆ. ಅದರ ಮೇಲೆ ಒಂದೊಂದಾಗಿ ಉಳಿದದ್ದು. ಮೈಗೆ ಮೊದಲು ತೊಡಿಸುವುದು ಕಮೀಸ್ ನಿಜ, ಆದರೆ ಹಾಸುವಾಗ ಲೆಕ್ಕ ಉಲ್ಟಾ. ಎಲ್ಲಕ್ಕಿಂತ ಹೊರಗೆ ಸುತ್ತುವ ಲಿಫಾಫಾ ಎಲ್ಲಕ್ಕಿಂತ ಕೆಳಗೆ ಬರಬೇಕು. ಹಾಸಿದ್ದನ್ನೆಲ್ಲ ತೆಗೆದು, ಮತ್ತೆ ಹಾಸಬೇಕಾಯಿತು. ಅಷ್ಟು ಹೊತ್ತು ಅಮ್ಮ ಪಕ್ಕದಲ್ಲಿ ಒಂದು ಹೊದಿಕೆಯ ಕೆಳಗೆ ಕಾಯುತ್ತಾ ಮಲಗಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಎಷ್ಟು ಸಲ ಯೋಚಿಸಿದ್ದೀನೋ, ಯಾಕೆ ಗೊತ್ತಿರಲಿಲ್ಲ ಅಂತ. ಸತ್ತವರನ್ನು ತೊಳೆಯುವುದು, ಕಫನ್ ತೊಡಿಸುವುದು, ಜನಾಝಾ ನಮಾಝ್ (ಸತ್ತವರಿಗಾಗಿ ಮಾಡುವ ನಮಾಝ್), ದಫನ್ (ಹೂಳುವುದು), ಈ ನಾಲ್ಕೂ ಫರ್ಝ್ ಕಿಫಾಯ. ಅಂದ್ರೆ ಇಡೀ ಸಮುದಾಯದ ಮೇಲಿರುವ ಹೊಣೆ. ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುತ್ತೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ನಾವು ಈ ಮಾತಿನ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡಿದ್ದೇವೆ. ಆ "ಕೆಲವರು" ಯಾವಾಗಲೂ ಇದ್ದೇ ಇರುತ್ತಾರೆ ಅಂದುಕೊಂಡಿದ್ದೇವೆ. ಅಮ್ಮನನ್ನು ತೊಳೆದ ಆ ಮೂವರಲ್ಲಿ ಈಗ ಇರುವವರು ಒಬ್ಬರೇ. ಅವರಿಗೂ ಮಂಡಿ ನೋವು, ಬಗ್ಗಲು ಆಗಲ್ಲ. 2020ರಲ್ಲಿ ಕೊರೊನಾ ಬಂದಾಗಂತೂ ಎಷ್ಟೋ ಕಡೆ ಮನೆಯವರನ್ನು ಹತ್ತಿರವೇ ಬಿಡಲಿಲ್ಲ. ನೋಡಿ ಕಲಿಯುವ ವಯಸ್ಸಿನ ಮಕ್ಕಳು ಆಗ ನೋಡಿದ್ದು ದೂರದಿಂದ, ಮೊಬೈಲಿನಲ್ಲಿ.

ಹುಡುಗಿಯರ ಪಾಡು ಇನ್ನೂ ಬೇರೆ. ಗಂಡು ಹುಡುಗರು ಜನಾಝಾ ನಮಾಝಿಗಾದರೂ ನಿಲ್ಲುತ್ತಾರೆ. ರುಕೂ (ಬಾಗುವುದು) ಇಲ್ಲ, ಸುಜೂದ್ (ಹಣೆ ನೆಲಕ್ಕೆ ಊರುವುದು) ಇಲ್ಲ, ನಿಂತೇ ನಾಲ್ಕು ತಕ್ಬೀರ್ (ಅಲ್ಲಾಹು ಅಕ್ಬರ್ ಅನ್ನುವುದು) ಅಂತ ಪಕ್ಕದವರನ್ನು ನೋಡಿ ಕಲಿಯುತ್ತಾರೆ. ಖಬರಿಗೆ (ಗೋರಿಗೆ) ಮೂರು ಹಿಡಿ ಮಣ್ಣು ಹಾಕುತ್ತಾರೆ. ನನ್ನಂಥ ಹೆಚ್ಚಿನ ಹೆಣ್ಣುಮಕ್ಕಳು ಖಬರಿನ ಒಳಗೆ ಹೇಗಿರುತ್ತೆ ಅಂತ ಕಣ್ಣಾರೆ ಕಂಡೇ ಇಲ್ಲ. ಹೆಂಗಸರನ್ನು ತೊಳೆಯಬೇಕಾದವರು ಮಾತ್ರ ಹೆಂಗಸರೇ.

ಕಳೆದ ವರ್ಷ ಒಂದು ತರಬೇತಿ ಶಿಬಿರದಲ್ಲಿ ಈ ವಿಆರ್ ಕನ್ನಡಕ ಇಟ್ಟಿದ್ದರು. 16 ವರ್ಷದ ಮಗಳನ್ನು ಕರೆದುಕೊಂಡು ಹೋದೆ. ಅವಳು ಬಂದದ್ದು ಗ್ಯಾಜೆಟ್ ನೋಡಲು, ಸುಳ್ಳು ಯಾಕೆ ಹೇಳಲಿ. ಮೊದಲು ನಾನು ಹಾಕಿಕೊಂಡೆ. ಒಂದು ಖಾಲಿ ಕೋಣೆ, ಮಧ್ಯೆ ಎತ್ತರದ ಹಲಗೆ, ಅದರ ಮೇಲೆ ಮುಖವಿಲ್ಲದ ಒಂದು ಬೊಂಬೆ. ಹೊಕ್ಕುಳಿನಿಂದ ಮಂಡಿವರೆಗೆ ಬಟ್ಟೆ ಮುಚ್ಚಿತ್ತು. ನನ್ನ ಎರಡು ಕೈಯಲ್ಲಿ ಎರಡು ಹಿಡಿಕೆ, ಕಣ್ಣೆದುರು ಅವೇ ಕೈಗಳಾಗಿದ್ದವು. ಗುಂಡಿ ಒತ್ತಿದರೆ ಬಟ್ಟೆ ಹಿಡಿಯಬಹುದು, ಪಾತ್ರೆ ಬಗ್ಗಿಸಿದರೆ ನೀರು ಬೀಳುತ್ತೆ. ಕಣ್ಣಿಗೆ ನೀರು ಕಂಡಿತು, ಕೈಗೆ ತಾಗಲಿಲ್ಲ. ಹತ್ತು ನಿಮಿಷಕ್ಕೆ ನನಗೆ ತಲೆ ತಿರುಗಲು ಶುರುವಾಯಿತು. ಕಣ್ಣು ನಡೆಯುತ್ತಿದ್ದೀಯ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ನಿಂತೇ ಇದ್ದೀಯ ಅನ್ನುತ್ತೆ, ಇಬ್ಬರ ಜಗಳದಲ್ಲಿ ನಮಗೆ ವಾಕರಿಕೆ. ತೆಗೆದು ಮಗಳಿಗೆ ಕೊಟ್ಟೆ.

ಅವಳು ಮೂರು ಸಲ ಮಾಡಿದಳು. ಮೊದಲ ಸಲ ನನ್ನ ಹಾಗೇ ಬಲಕ್ಕೆ ಹೊರಳಿಸಿದಳು. ಕೋಣೆ ಹಾಗೇ ನಿಂತುಬಿಟ್ಟಿತು, ಒಂದು ದನಿ "ಬಲಭಾಗ ಎಲ್ಲಿದೆ ನೋಡಿ" ಅಂದಿತು. ನೋಡಿದಳು. ಬಲಭಾಗ ಹಲಗೆಗೆ ಒತ್ತಿಕೊಂಡಿತ್ತು. "ಓ" ಅಂದಳು. ಅಷ್ಟೇ. ನನಗೆ ಅಮ್ಮನ ಪಕ್ಕದಲ್ಲಿ ನಿಂತು ಅರ್ಥ ಆದದ್ದು ಅವಳಿಗೆ ಒಂದು ಬೊಂಬೆಯ ಪಕ್ಕದಲ್ಲಿ, ಯಾರಿಗೂ ನೋವಾಗದ ಹಾಗೆ ಅರ್ಥ ಆಯಿತು. ಮೂರನೇ ಸಲ ಕಫನ್ ಸರಿಯಾಗಿ ಹಾಸಿದಳು, ಲಿಫಾಫಾ ಕೆಳಗೆ. ಕನ್ನಡಕ ತೆಗೆದು ಬೆವರು ಒರೆಸಿಕೊಳ್ಳುತ್ತಾ ಕೇಳಿದಳು, "ಅಮ್ಮಾ, ಅಜ್ಜಿಗೆ ಹಾಕಿದ ನೀರು ಬೆಚ್ಚಗಿತ್ತಾ?"

ಅಜ್ಜಿ ಹೋಗಿ ಅಷ್ಟು ವರ್ಷ ಆಗಿತ್ತು, ಆ ದಿನದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಇತ್ತು ಅಂದೆ.

ಹಾಗಂತ ಎಲ್ಲವೂ ಸರಿಯಿತ್ತು ಅಂತಲ್ಲ. ಕೊನೆಯಲ್ಲಿ ಪರದೆಯ ಮೇಲೆ ನಕ್ಷತ್ರಗಳು ಮಿನುಗಿ "ಶಭಾಷ್! 85 ಅಂಕ" ಅಂತ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಮಯ್ಯಿತ್ ತೊಳೆದದ್ದಕ್ಕೆ ಅಂಕ ಕೊಡುವವರು ಯಾರಪ್ಪಾ? ಪಕ್ಕದಲ್ಲಿದ್ದ ಹುಡುಗರು ನಿನಗೆಷ್ಟು ನನಗೆಷ್ಟು ಅಂತ ಹೋಲಿಸಲು ಶುರು ಮಾಡಿದರು. ಸಾವಿನ ಜೊತೆ ಆಟ ಅಂತ ಬರೆದವರ ಮಾತು ಇಲ್ಲಿ ಮಾತ್ರ ನಿಜ. ಆದರೆ ಇದು ಕನ್ನಡಕದ ತಪ್ಪಲ್ಲ, ಮಾಡಿದವರು ಬೇರೆ ಆಟಗಳಿಂದ ಯೋಚಿಸದೆ ಎತ್ತಿ ತಂದ ಅಭ್ಯಾಸ. ತೆಗೆದರೆ ಹೋಗುತ್ತೆ. ಎಲ್ಲಿ ತಪ್ಪಾಯಿತು ಅಂತ ಹೇಳಿ, ಇನ್ನೊಮ್ಮೆ ಮಾಡಿಸಿ, ಸುಮ್ನೆ ಮುಗಿಸಿ.

ಇನ್ನೊಂದು ಕಡೆ, ಪುಸ್ತಕವೇ ಸಾಕು, ಉಸ್ತಾದರ ಪಾಠವೇ ಸಾಕು ಅನ್ನುವವರಿಗೆ ಒಂದು ಮಾತು. ಮೊದಲ ದಫನ್ ಪಾಠ ಯಾರು ಹೇಳಿಕೊಟ್ಟದ್ದು ನೆನಪಿದೆಯಾ? ಕುರ್‌ಆನಿನ ಸೂರಾ ಮಾಇದಾದ 31ನೇ ಆಯತ್ (ವಾಕ್ಯ). ತಮ್ಮನನ್ನು ಕೊಂದ ಆದಮರ ಮಗ, ಹೆಣ ಏನು ಮಾಡಬೇಕು ಅಂತ ತಿಳಿಯದೆ ಕೂತಿದ್ದಾಗ ಅಲ್ಲಾಹ್ ಒಂದು ಕಾಗೆಯನ್ನು ಕಳಿಸುತ್ತಾನೆ. ಅದು ಬಾಯಿಬಿಟ್ಟು ಏನೂ ಹೇಳಲಿಲ್ಲ, ನೆಲ ಕೆದಕಿ ತೋರಿಸಿತು. ಈ ಕಾಗೆಯಷ್ಟೂ ನನಗೆ ಬರಲಿಲ್ಲವಲ್ಲ ಅಂತ ಅವನು ಪೇಚಾಡುತ್ತಾನೆ. ಪರದೆಯ ಆಚೆ ನಿಂತಿದ್ದಾಗ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಮಾತು.

ಮುಂದೆ ಪ್ರವಾದಿಯವರ(ಸ) ಕಾಲದಲ್ಲೂ ಹಾಗೇ. ಅವರ ಮಗಳು ತೀರಿಕೊಂಡಾಗ ತೊಳೆಯುತ್ತಿದ್ದ ಹೆಂಗಸರಿಗೆ ಅವರು ಹೇಳಿದ್ದನ್ನು ಆ ಹೆಂಗಸರಲ್ಲೊಬ್ಬರಾದ ಉಮ್ಮು ಅತಿಯ್ಯಾ ವಿವರಿಸಿದ್ದಾರೆ. ಮೂರು ಸಲ ತೊಳೆಯಿರಿ, ಐದು ಸಲ, ಬೇಕಾದರೆ ಇನ್ನೂ ಹೆಚ್ಚು, ನೀರಿಗೆ ಸಿದ್ರ್ ಎಲೆ ಹಾಕಿ, ಕೊನೆಯ ಸಲ ಕರ್ಪೂರ ಹಾಕಿ, ಬಲಭಾಗದಿಂದ ಮತ್ತು ವುಝೂವಿನ (ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಅಂಗಗಳಿಂದ ಶುರು ಮಾಡಿ. ಸಿದ್ರ್ ಅಂದ್ರೆ ನಮ್ಮ ಎಲಚಿಯ ಜಾತಿಯ ಮರ, ಎಲೆ ಅರೆದು ಹಾಕಿದರೆ ಸೋಪಿನ ಹಾಗೆ ನೊರೆ ಬರುತ್ತೆ. ಕೊನೆಗೆ ತಾವು ಉಟ್ಟಿದ್ದ ಬಟ್ಟೆಯನ್ನೇ ಕೊಟ್ಟು, ಇದನ್ನು ಅವಳ ಮೈಗೆ ತಾಗುವ ಹಾಗೆ ಸುತ್ತಿ ಅಂದರಂತೆ. ಮುಂದೆ ದೊಡ್ಡ ವಿದ್ವಾಂಸರಾದ ಇಬ್ನ್ ಸೀರೀನ್ ಮಯ್ಯಿತ್ ತೊಳೆಯುವ ಕ್ರಮ ಕಲಿತದ್ದು ಈ ಉಮ್ಮು ಅತಿಯ್ಯಾ ಅವರಿಂದಲೇ. ಅಂದ್ರೆ ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಪುಸ್ತಕಕ್ಕೆ ಹೋದದ್ದು ಆಮೇಲೆ.

ಆ ಕೈಗಳು ಕಡಿಮೆ ಆಗುತ್ತಿರುವಾಗ ಮಧ್ಯೆ ಒಂದು ಮೆಟ್ಟಿಲು ಬೇಕು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಅನ್ನುವವನು ನೆಲದ ಮೇಲೇ ಕೂತು ವಿಮಾನ ಹಾರಿಸಲು ಕಲಿಯುವ ಪೆಟ್ಟಿಗೆ ಮಾಡಿದ. ಅಪ್ಪನ ವಾದ್ಯದ ಕಾರ್ಖಾನೆಯಲ್ಲಿದ್ದ ಗಾಳಿತಿದಿಗಳನ್ನೇ ಬಳಸಿದ್ದನಂತೆ. ಆ ಪೆಟ್ಟಿಗೆಯಲ್ಲಿ ಕೂತವರು ಎಲ್ಲೂ ಹೋಗಲಿಲ್ಲ, ಆದರೆ ನಿಜವಾದ ವಿಮಾನ ಹತ್ತಿದಾಗ ಕೈ ಎಲ್ಲಿಡಬೇಕು ಅಂತ ಗೊತ್ತಿತ್ತು. ವಿಆರ್ ಕನ್ನಡಕದಿಂದ ನಾನು ಕೇಳುತ್ತಿರುವುದು ಇಷ್ಟೇ. ನಿಜವಾದ ಹೊತ್ತು ಬಂದಾಗ ಮಕ್ಕಳು ಪರದೆಯ ಆಚೆ ನಿಲ್ಲಬಾರದು.

ಇದನ್ನು 2021ರ ಕೊನೆಯ ಗಲಾಟೆಯ ಜೊತೆ ಸೇರಿಸಬೇಡಿ. ಆಗ ಸೌದಿಯಲ್ಲಿ ಮಕ್ಕಾದ ಕಅಬಾದಲ್ಲಿರುವ ಹಜರುಲ್ ಅಸ್ವದ್ ಅನ್ನುವ ಕಪ್ಪು ಕಲ್ಲನ್ನು ವಿಆರ್‌ನಲ್ಲಿ ನೋಡುವ ವ್ಯವಸ್ಥೆ ಮಾಡಿದರು. ಮರುವರ್ಷ ತುರ್ಕಿಯ ಧಾರ್ಮಿಕ ಇಲಾಖೆ, ಹೀಗೆ ಮಾಡಿದ್ದು ಹಜ್ ಆಗಲ್ಲ ಅಂತ ಸ್ಪಷ್ಟ ಮಾಡಿತು. ಸರಿಯೇ. ಕಾಲು ನೆಲ ಮುಟ್ಟದೆ ಹಜ್ ಹೇಗಾಗುತ್ತೆ? ಆದರೆ ಇಲ್ಲಿ ಯಾರೂ ಬೊಂಬೆಯನ್ನು ತೊಳೆದು ಫರ್ಝ್ ಮುಗಿಯಿತು ಅಂತಿಲ್ಲ. ಇದು ಇಬಾದತ್ (ಆರಾಧನೆ) ಅಲ್ಲ, ಅದಕ್ಕೆ ತಯಾರಿ. ಪ್ಲಾಸ್ಟಿಕ್ ಬೊಂಬೆ ಇಟ್ಟು ತರಬೇತಿ ಕೊಡುವುದನ್ನು ಎಷ್ಟೋ ಕಡೆ ಒಪ್ಪಿದ್ದಾರೆ, ಕನ್ನಡಕದೊಳಗಿನ ಬೊಂಬೆಗೆ ಯಾಕೆ ಬೇರೆ ನಿಯಮ?

ಬೊಂಬೆಗಿಂತ ಕನ್ನಡಕ ಜಾಸ್ತಿ ಕೊಡುವುದು ಒಂದು ವಿಷಯದಲ್ಲಿ. ಖಬರು. ಖಬರನ್ನು ತರಗತಿಗೆ ತರಲು ಆಗಲ್ಲ. ಲಹ್ದ್ ಅಂದ್ರೆ ಏನು, ಶಕ್ಕ್ ಅಂದ್ರೆ ಏನು ಅಂತ ಪುಸ್ತಕದ ಚಿತ್ರ ನೋಡಿ ನನಗೆ ಯಾವತ್ತೂ ತಿಳಿದಿರಲಿಲ್ಲ. ಲಹ್ದ್‌ನಲ್ಲಿ ಗುಂಡಿ ತೋಡಿದ ಮೇಲೆ ಕಿಬ್ಲಾ (ಕಅಬಾ ಇರುವ ದಿಕ್ಕು) ಕಡೆಯ ಗೋಡೆಯಲ್ಲಿ ಅಡ್ಡಕ್ಕೆ ಗೂಡು ಕೊರೆದು ಅದರಲ್ಲಿ ಮಲಗಿಸುತ್ತಾರೆ. ಮಣ್ಣು ಸಡಿಲ ಇದ್ದರೆ ಆ ಗೂಡು ಕುಸಿಯುತ್ತೆ, ಅಂಥಲ್ಲಿ ನಡುವೆ ಇನ್ನೊಂದು ಕಿರಿದಾದ ತೋಡು ತೆಗೆಯುತ್ತಾರೆ, ಅದು ಶಕ್ಕ್. ಕನ್ನಡಕ ಹಾಕಿ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಾಗ ಒಂದೇ ಕ್ಷಣಕ್ಕೆ ಹೊಳೆಯಿತು. ಬಲಮಗ್ಗುಲಿಗೆ, ಮುಖ ಕಿಬ್ಲಾ ಕಡೆ ಯಾಕೆ ಅಷ್ಟು ಸರಾಗವಾಗಿ ಮಲಗಿಸಬಹುದು ಅಂತಲೂ ಗೊತ್ತಾಯಿತು. ಕಫನ್‌ನ ಗಂಟುಗಳನ್ನು ಕೆಳಗೆ ಇಳಿಸಿದ ಮೇಲೆ ಬಿಚ್ಚುತ್ತಾರೆ ಅನ್ನುವುದು ನನಗೆ ಆವತ್ತೇ ತಿಳಿದದ್ದು. ಅಮ್ಮನ ತಲೆಯ ಹತ್ತಿರದ ಗಂಟು ನಾನೇ ಹಾಕಿದ್ದೆ, ಬಿಗಿಯಾಗಿ. ಬಿಚ್ಚಲು ಯಾರಿಗೆ ಎಷ್ಟು ಕಷ್ಟ ಆಯಿತೋ.

ಆದರೆ ಮಾಡುವವರಿಗೆ ಒಂದು ಬೇಡಿಕೆ. ಖಬರಿನ ಅಂಚಿನಲ್ಲಿ ನಿಲ್ಲಿಸಿ, ಒಳಗೆ ಮಲಗಿಸಬೇಡಿ. ಸತ್ತವರ ಕಣ್ಣಿನಿಂದ ನೋಡುವ ಹಾಗೆ ಮಾಡಿ, ಮೇಲಿಂದ ಮಣ್ಣು ಬೀಳಿಸಿ, ಕತ್ತಲು ಮಾಡಿ ಹೆದರಿಸಬೇಕು ಅನ್ನುವ ಆಸೆ ಕೆಲವರಿಗೆ ಇರುತ್ತೆ. ಭಯ ಹುಟ್ಟಿದರೆ ಈಮಾನ್ (ನಂಬಿಕೆ) ಗಟ್ಟಿಯಾಗುತ್ತೆ ಅನ್ನುವ ಲೆಕ್ಕ. ಖಬರಿನ ಒಳಗಿನದು ನಮಗೆ ಕಾಣದ ಲೋಕ, ಅದನ್ನು ಗ್ರಾಫಿಕ್ಸ್‌ನಲ್ಲಿ ಬರೆಯಲು ನಾವ್ಯಾರು? ಹೆದರಿದ ಮಗು ಗುಸ್ಲ್ ಕೋಣೆಯಿಂದ ಇನ್ನೂ ದೂರ ಓಡುತ್ತೆ. ಹತ್ತಿರದಲ್ಲಿ ಯಾರನ್ನಾದರೂ ಕಳೆದುಕೊಂಡ ಮಕ್ಕಳಿಗಂತೂ ಒತ್ತಾಯ ಮಾಡಲೇಬಾರದು. ಬೇಡ ಅಂದಾಗ ತೆಗೆದಿಡಲಿ. ಅಪ್ಪ ಅಮ್ಮ ಪಕ್ಕದಲ್ಲಿ ಇರಲಿ.

ಮದ್ಹಬ್‌ಗಳ (ಧರ್ಮವಿಧಿಯ ಪಂಥಗಳ) ವ್ಯತ್ಯಾಸವನ್ನೂ ಮರೆಯಬೇಡಿ. ಹನಫಿಗಳಲ್ಲಿ ಹೆಂಗಸರ ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲೆ ಇಡುತ್ತಾರೆ, ಶಾಫಿಗಳಲ್ಲಿ ಮೂರು ಜಡೆ ಹೆಣೆದು ಹಿಂದಕ್ಕೆ ಬಿಡುತ್ತಾರೆ. ಜನಾಝಾದ ಮೊದಲ ತಕ್ಬೀರಿನ ನಂತರ ಶಾಫಿಗಳು ಫಾತಿಹಾ (ಕುರ್‌ಆನಿನ ಮೊದಲ ಅಧ್ಯಾಯ) ಓದುತ್ತಾರೆ, ಹನಫಿಗಳು ಸನಾ (ಸ್ತುತಿ). ಹೆಂಡತಿ ತೀರಿಕೊಂಡರೆ ಗಂಡ ತೊಳೆಯಬಹುದಾ ಅನ್ನುವುದರಲ್ಲೂ ಭಿನ್ನ ಅಭಿಪ್ರಾಯ ಇದೆ. ಒಂದನ್ನು ಮಾತ್ರ ತೋರಿಸಿ ಉಳಿದದ್ದು ತಪ್ಪು ಅಂದುಬಿಟ್ಟರೆ, ನಾಳೆ ಹೆಣ ಇಟ್ಟುಕೊಂಡು ಜಗಳ ಆಡುತ್ತಾರೆ. ಶುರುವಿನಲ್ಲೇ ಯಾವ ಮದ್ಹಬ್ ಅಂತ ಕೇಳಲಿ, ಇನ್ನೊಂದು ಮದ್ಹಬ್‌ನಲ್ಲಿ ಹೀಗಿದೆ ಅಂತಲೂ ಹೇಳಲಿ.

ಇನ್ನು ಕನ್ನಡಕ ಕಲಿಸಲಾರದ್ದು. ಮುಖ್ಯವಾಗಿ ತೂಕ. ಜೀವ ಇಲ್ಲದ ಕೈ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಅದು ಸಹಾಯ ಮಾಡಲ್ಲ, ನೀವು ಬಿಟ್ಟರೆ ಬೀಳುತ್ತೆ. ಹೊಟ್ಟೆಯನ್ನು ಮೆಲ್ಲಗೆ ಒತ್ತಬೇಕು ಅಂತಾರೆ, ಮೆಲ್ಲಗೆ ಅಂದ್ರೆ ಎಷ್ಟು? ಸತ್ತವರ ಎಲುಬು ಮುರಿಯುವುದು ಬದುಕಿದ್ದವರ ಎಲುಬು ಮುರಿದ ಹಾಗೆ ಅನ್ನುವ ಹದೀಸ್ (ಪ್ರವಾದಿಯವರ ಮಾತು) ಇದೆ. ಕೈಯಲ್ಲಿರುವ ಹಿಡಿಕೆ ಹೇಗೂ ನಡುಗುತ್ತೆ ಅಲ್ವಾ, ಒರಟಾಗಿ ಎಳೆದಾಗ ನಡುಗಿ ಎಚ್ಚರಿಸುವ ಹಾಗೆ ಮಾಡಬಹುದು. ಅಷ್ಟಾದರೂ ಆದೀತು. ನಿಜವಾದ ಮೈಯಲ್ಲಿ ಗಾಯ ಇರುತ್ತೆ, ತಿಂಗಳುಗಟ್ಟಲೆ ಮಲಗಿದವರ ಬೆನ್ನಲ್ಲಿ ಹುಣ್ಣು ಇರುತ್ತೆ, ಕೊಳವೆ ಹಾಕಿದ ಗುರುತು ಇರುತ್ತೆ. ಬೊಂಬೆಗೆ ಅದೇನೂ ಇಲ್ಲ. ಹಾಗಾಗಿ ತೊಳೆಯುವವರು ಪಾಲಿಸಬೇಕಾದ ದೊಡ್ಡ ನಿಯಮ, ಒಳಗೆ ಕಂಡದ್ದನ್ನು ಹೊರಗೆ ಆಡಬಾರದು ಅನ್ನುವುದು, ಅಲ್ಲಿ ಅಭ್ಯಾಸ ಆಗುವುದೇ ಇಲ್ಲ. ಬಚ್ಚಿಡಲು ಅಲ್ಲಿ ಏನಿದೆ?

ಅದಕ್ಕೇ ಉಸ್ತಾದರೂ ಬೇಕು, ಆ ಮಂಡಿ ನೋವಿನ ಅಜ್ಜಿಯೂ ಬೇಕು. ಶಿಬಿರದವರು ಅಂಥ ಅಜ್ಜಿಯೊಬ್ಬರನ್ನು ಕುರ್ಚಿ ಹಾಕಿ ಕೂರಿಸಿದ್ದರೆ ಚೆನ್ನಾಗಿರುತ್ತಿತ್ತು. ಬಗ್ಗಲು ಆಗದಿದ್ದರೇನು, ಹೇಳಲು ಬರುತ್ತೆ. ಹುಡುಗರು ಕನ್ನಡಕ ಹಾಕಿ ಮಾಡುವುದು ದೊಡ್ಡ ಪರದೆಯಲ್ಲಿ ಅವರಿಗೂ ಕಾಣಲಿ, ಅವರು ಅಲ್ಲೇ ತಿದ್ದಲಿ.

ಈ ವರ್ಷದ ಮೊದಲಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯರು ತೀರಿಕೊಂಡರು. ಹೆಂಗಸು. ತೊಳೆಯಲು ಕರೆ ಬಂತು, ಈಗ ಕರೆ ನನಗೂ ಬರುತ್ತೆ. ಮಗಳು ಬಾಗಿಲ ಹತ್ತಿರ ನಿಂತು "ನಾನೂ ಬರಲಾ?" ಅಂದಳು. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಕರೆದುಕೊಂಡು ಹೋದೆ. ಹೊರಳಿಸುವಾಗ ನಾನೇನೂ ಹೇಳಲಿಲ್ಲ. ಅವಳೇ ಎಡಕ್ಕೆ ಹೊರಳಿಸಿದಳು, ಬಲಭುಜ ಮೇಲೆ ಬಂತು. ಆಮೇಲೆ ಪಾದ ಹಿಡಿದವಳು ಥಟ್ಟನೆ ಕೈ ತೆಗೆದಳು. ತಣ್ಣಗಿರುತ್ತೆ ಅಂತ ಕನ್ನಡಕ ಅವಳಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳ ಕೈ ಮೇಲೆ ನನ್ನ ಕೈ ಇಟ್ಟು ಇಬ್ಬರೂ ಸೇರಿ ಹಿಡಿದೆವು. ಕರ್ಪೂರದ ನೀರನ್ನು ಅವಳೇ ಹಾಕಿದಳು.

ಮನೆಗೆ ಬಂದ ಮೇಲೆ ಅವಳ ತಂಗಿ ಏನೇನೋ ಕೇಳಿದಳು, ಹೇಗಿದ್ದರು, ಮುಖ ಹೇಗಿತ್ತು, ಭಯ ಆಯ್ತಾ ಅಂತ. ಇವಳು ತೊಳೆದು ಬಂದೆವು ಅಂದಳು, ಅಷ್ಟೇ. ನಾನೂ ಇಲ್ಲಿ ಅದಕ್ಕಿಂತ ಹೆಚ್ಚು ಬರೆಯಲ್ಲ.

ಇತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು